ಗೊಂಬೆಗಳ ಹಿಂದಿನ ಜಾಲರಿ

ಟೆಕ್ಸಸ್‌ನಲ್ಲಿರುವ ನಮ್ಮ ಜನಕ್ಕೆ ಮನೆಯ ಹೀಟರ್ ಹಾಕುವುದೆಂದರೆ ಮಾನ ಕಳೆದುಕೊಂಡ ಹಾಗೆ. ಅಕ್ಟೋಬರ್ ಬಂತೆಂದರೆ ಗಂಡಸರು ಒಬ್ಬರನ್ನೊಬ್ಬರು ಕೇಳುವ ಪ್ರಶ್ನೆ ಒಂದೇ: "ನಿಮ್ಮನೇಲಿ ಆಗ್ಲೇ ಆನ್ ಮಾಡಿದ್ರಾ?" ಇಲ್ಲ ಎಂದವನು ಎದೆ ಸೆಟೆಸುತ್ತಾನೆ. ಹೌದು ಎಂದವನು ಮಗುವಿಗೆ ನೆಗಡಿ, ಅತ್ತೆ ಮಾವ ಊರಿಂದ ಬಂದಿದ್ದಾರೆ ಎಂದು ಏನಾದರೊಂದು ನೆಪ ಹುಡುಕುತ್ತಾನೆ. ಬೇಸಿಗೆಯುದ್ದಕ್ಕೂ ಎಸಿಯನ್ನು ಹಗಲೂ ರಾತ್ರಿ ಓಡಿಸಿ ಮನೆಯೊಳಗೆ ಶಾಲು ಹೊದ್ದು ಕೂರುವವರೂ ಇವರೇ. ಚಳಿ ಬಾಗಿಲಿಗೆ ಬಂದ ಕೂಡಲೇ ಇವರೊಳಗಿನ ಋಷಿ ಎದ್ದು ಕೂರುತ್ತಾನೆ. ಹಾಗಂತ ಇವರೇನೂ ಹಿಮಾಲಯದಲ್ಲಿ ಬೆಳೆದವರಲ್ಲ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯಲ್ಲಿ ಡಿಸೆಂಬರಿನ ಬೆಳಗ್ಗೆ ಮಂಕಿ ಕ್ಯಾಪ್ ಹಾಕಿಕೊಂಡು ಹಾಲು ತರಲು ಹೋಗುತ್ತಿದ್ದವರು.

ಹ್ಯೂಸ್ಟನ್, ಆಸ್ಟಿನ್, ಡಲ್ಲಾಸ್ ಮೂರೂ ಕಡೆ ನಾನು ಸಂಸಾರ ಮಾಡಿದ್ದೇನೆ, ಮೂರೂ ಊರಿನ ವೀರರನ್ನು ಕಂಡಿದ್ದೇನೆ. ಹ್ಯೂಸ್ಟನ್‌ನವರಿಗೆ ವರ್ಷವಿಡೀ ಬೆವರುವುದೇ ಒಂದು ಹೆಮ್ಮೆ. ಆಸ್ಟಿನ್‌ನವರಿಗೆ ಚಳಿಯೆಂದರೆ ಹೊಸ ಜಾಕೆಟ್ ಹಾಕಿ ಫೋಟೊ ತೆಗೆಸಿಕೊಳ್ಳುವ ಸಂದರ್ಭ. ಡಲ್ಲಾಸ್ ಕಡೆ ಮಾತ್ರ ಚಳಿ ಹೇಳದೆ ಕೇಳದೆ ನಿಜವಾಗಿಯೂ ಬಂದುಬಿಡುತ್ತದೆ. ಮಧ್ಯಾಹ್ನ ತೆಳ್ಳನೆಯ ಅಂಗಿಯಲ್ಲಿ ಓಡಾಡುತ್ತಿದ್ದವರು ಸಂಜೆಯ ಹೊತ್ತಿಗೆ ಹಲ್ಲು ಕಡಿಯುತ್ತಿರುತ್ತಾರೆ. ಅಲ್ಲಿನ ಫ್ರಿಸ್ಕೋ ಎಂಬ ಬಡಾವಣೆಗಳ ಊರಿನಲ್ಲಿ, ನನ್ನ ನಾದಿನಿಯ ಮನೆಯಲ್ಲಿ, ಅಂಥದೊಂದು ಸಂಜೆ ನಡೆದದ್ದನ್ನು ಈಗ ಬರೆಯುತ್ತಿದ್ದೇನೆ. ನೆನಪಾದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಬರೆದರೆ ಕಡಿಮೆಯಾದೀತು ಎಂಬ ಭ್ರಮೆಯೇನೂ ನನಗಿಲ್ಲ.

೨೦೧೦ರ ದಶಕದ ಮೊದಲ ವರ್ಷಗಳು. ನನ್ನ ಗಂಡನಿಗೆ ಆಸ್ಟಿನ್‌ನಲ್ಲಿ ಕೆಲಸ. ಮೂರನೆಯ ಮಹಡಿಯಲ್ಲಿ ಒಂದೇ ಕೋಣೆಯ ಅಪಾರ್ಟ್‌ಮೆಂಟು. ಬಾಣಂತನಕ್ಕೆ ಧಾರವಾಡದಿಂದ ಬರಬೇಕಿದ್ದ ನಮ್ಮವ್ವನಿಗೆ ವೀಸಾ ಸಿಗಲಿಲ್ಲ. ಬದಲಿಗೆ ಮೈಸೂರಿನಿಂದ ಅತ್ತೆ ಬಂದರು. ಬಂದವರು ಆ ಮೆಟ್ಟಿಲುಗಳನ್ನು ನೋಡಿ, ಮಗಳ ಮನೆಗೇ ಹೋಗೋಣ ಎಂದುಬಿಟ್ಟರು. ಮಗಳೆಂದರೆ ನನ್ನ ಗಂಡನ ಅಕ್ಕ, ನನ್ನ ನಾದಿನಿ. ಹೀಗೆ ಬಸುರಿಯಾಗಿದ್ದ ನಾನು ಫ್ರಿಸ್ಕೋಗೆ ಶಿಫ್ಟ್ ಆದೆ. ಗಂಡ ವಾರವೆಲ್ಲ ಆಸ್ಟಿನ್‌ನಲ್ಲಿದ್ದು ಶುಕ್ರವಾರ ಸಂಜೆ ಡ್ರೈವ್ ಮಾಡಿಕೊಂಡು ಬರುತ್ತಿದ್ದ, ಅಕ್ಕನ ಕೈಯಡಿಗೆ ಉಂಡು ಭಾನುವಾರ ಹೊರಡುತ್ತಿದ್ದ.

ಕೂಸು ದಿನ ತುಂಬುವ ಮೊದಲೇ ಹುಟ್ಟಿತು. ಹೆಣ್ಣು. ಕೈಕಾಲು ಕಡ್ಡಿ ಕಡ್ಡಿ, ಮೈಯಲ್ಲಿ ಹಿಡಿಯಲು ಮಾಂಸವಿಲ್ಲ. ಆಸ್ಪತ್ರೆಯಿಂದ ಕಳಿಸುವಾಗ ನರ್ಸ್ ನನಗೆ ಬಿಡಿಸಿ ಬಿಡಿಸಿ ಹೇಳಿದ್ದಳು: ಇದಕ್ಕೆ ತನ್ನ ಮೈಯ ಬಿಸಿಯನ್ನು ತಾನೇ ಉಳಿಸಿಕೊಳ್ಳಲು ಇನ್ನೂ ಬರುವುದಿಲ್ಲ, ಇನ್ನಷ್ಟು ವಾರ ನೀವೇ ಬೆಚ್ಚಗಿಡಬೇಕು, ತಣ್ಣಗಾದರೆ ಹಾಲು ಕುಡಿಯುವುದನ್ನೂ ಬಿಟ್ಟುಬಿಡುತ್ತದೆ. ನಮ್ಮ ಕಡೆಯಾಗಿದ್ದರೆ ಇದನ್ನು ಯಾರೂ ಹೇಳಬೇಕಾಗಿರಲಿಲ್ಲ. ಹೊರಸಿನ ಕೆಳಗೆ ಕೆಂಡದ ಶೇಗಡಿ ಇಟ್ಟು, ಕಿಟಕಿಗೆ ಕಂಬಳಿ ಕಟ್ಟಿ, ತಾಯಿ ಮಗು ಇಬ್ಬರನ್ನೂ ಬೇಯಿಸಿಯೇ ಬಿಡುತ್ತಿದ್ದರು. ಅತ್ತೆಗೂ ಆ ಜ್ಞಾನ ಇಲ್ಲದಿರಲಿಲ್ಲ. ಆಸ್ಪತ್ರೆಯಿಂದ ಬಂದ ಹೊಸದರಲ್ಲಿ ಒಂದು ದಿನ ಸಾಂಬ್ರಾಣಿ ಹೊಗೆ ಹಾಕಲು ಹೋದಾಗ, ಮನೆಯ ಹೊಗೆ ಅಲಾರಂ ಎಲ್ಲ ಕೋಣೆಗಳಲ್ಲೂ ಒಮ್ಮೆಲೇ ಕಿರುಚಿಕೊಂಡಿತ್ತು. ಆಮೇಲೆ ಅವರು ಬೆಚ್ಚಗಿಡುವ ವಿಷಯಕ್ಕೇ ಕೈಮುಗಿದರು.

ಆ ಮನೆಯ ಯಜಮಾನರನ್ನು, ಅಂದರೆ ನಾದಿನಿಯ ಗಂಡನನ್ನು, ಮೊದಲು ಪರಿಚಯಿಸಬೇಕು. ಡಲ್ಲಾಸ್ ಪಕ್ಕದ ಫಾರ್ಮರ್ಸ್ ಬ್ರಾಂಚ್ ಎಂಬ ಊರಿನ ಒಂದು ಆಫೀಸಿನಲ್ಲಿ ದೊಡ್ಡ ಹುದ್ದೆ. ದಿನಾ ಫ್ರೀವೇಯಲ್ಲಿ ಅಷ್ಟು ದೂರ ಹೋಗಿ ಬಂದು, ಶೂ ಬಿಚ್ಚುವ ಮೊದಲೇ ಹೀಟರ್, ಎಸಿ ಎರಡನ್ನೂ ನಡೆಸುವ ಗೋಡೆಯ ಥರ್ಮೊಸ್ಟಾಟಿನ ಮುಂದೆ ನಿಂತು, ಯಾರಾದರೂ ಅದನ್ನು ಮುಟ್ಟಿದ್ದಾರೆಯೇ ಎಂದು ಪರೀಕ್ಷಿಸುವರು. ಅದನ್ನು ಮುಟ್ಟುವ ಹಕ್ಕು ಆ ಮನೆಯಲ್ಲಿ ಅವರೊಬ್ಬರಿಗೇ. ಥ್ಯಾಂಕ್ಸ್‌ಗಿವಿಂಗ್ ಹಬ್ಬದವರೆಗೆ ಹೀಟರ್ ಹಾಕುವುದಿಲ್ಲ ಎಂಬುದು ಅವರ ವ್ರತ. ಬಂದವರಿಗೆಲ್ಲ ಹೇಳುತ್ತಿದ್ದರು: "ನಾವು ಈ ಸಲಾನೂ ನವೆಂಬರ್ ಕೊನೇವರೆಗೂ ಆನ್ ಮಾಡಲ್ಲ. ಬಾಡಿ ಅಡ್ಜಸ್ಟ್ ಆಗ್ಬೇಕು." ಆ ಬಾಡಿಯ ಮೇಲೆ ದಪ್ಪನೆಯ ಸ್ವೆಟರು, ಕಾಲಿಗೆ ಎರಡು ಜೊತೆ ಸಾಕ್ಸು.

ನಾದಿನಿಯ ವ್ರತ ಬೇರೆ. ಅವಳದು ಗೊಂಬೆ ಹಬ್ಬ. ನಮ್ಮ ಧಾರವಾಡದ ಕಡೆ ನವರಾತ್ರಿಯಲ್ಲಿ ಘಟ್ಟ ಹಾಕಿ, ಅಂದರೆ ಕಲಶ ಕೂರಿಸಿ, ದೀಪ ಕಾಯುತ್ತೇವೆ, ಅಲ್ಲಿಗೆ ಮುಗಿಯಿತು. ಮೈಸೂರಿನವರಿಗೆ ಮೆಟ್ಟಿಲು ಕಟ್ಟಿ ಗೊಂಬೆ ಕೂರಿಸಬೇಕು. ಮೇಲಿನ ಮೆಟ್ಟಿಲಲ್ಲಿ ಪಟ್ಟದ ರಾಜ ರಾಣಿ, ಕೆಳಗೆ ಉಳಿದ ಲೋಕವೆಲ್ಲ. ಕೂರಿಸಿದ ಮೇಲೆ ವಿಜಯದಶಮಿಯ ಸಂಜೆ ರಾಜ ರಾಣಿಯರನ್ನು ಮಲಗಿಸುವ ತನಕ ಒಂದನ್ನೂ ಕದಲಿಸುವಂತಿಲ್ಲ. ಪದ್ಧತಿಯ ಮೇಲೆ ನನಗೆ ಸಿಟ್ಟಿಲ್ಲ, ಚೆಂದವೇ. ಆದರೆ ಡಲ್ಲಾಸಿನಲ್ಲಿ ಅದು ಸ್ಪರ್ಧೆಯಾಗಿತ್ತು. ನಮ್ಮವರ ಒಂದು ಸಂಘ ಮನೆಮನೆಗೆ ಮೂವರು ತೀರ್ಪುಗಾರ ಆಂಟಿಯರನ್ನು ಕಳಿಸಿ ಬಹುಮಾನ ಕೊಡುತ್ತಿತ್ತು. ಹಿಂದಿನ ವರ್ಷ ನಾದಿನಿಗೆ ಎರಡನೆಯ ಸ್ಥಾನ ಬಂದಿತ್ತಂತೆ. ಆ ಗಾಯ ವರ್ಷವಾದರೂ ಮಾಗಿರಲಿಲ್ಲ.

ಆ ವರ್ಷ ಅವಳ ಕಲ್ಪನೆ ಟೆಕ್ಸಸ್ ಗೋಕುಲ. ಅಗಲ ಕೊಂಬಿನ ಇಲ್ಲಿನ ಹಸುಗಳು, ನಡುವೆ ಕೊಳಲೂದುವ ಕೃಷ್ಣ, ಸುತ್ತ ಕೌಬಾಯ್ ಟೋಪಿ ಹಾಕಿದ ಗೋಪಾಲಕರು. ಗೋಪಿಯರಿಗೆ ಮಾತ್ರ ರೇಷ್ಮೆ ಸೀರೆ. ನನಗೆ ಮೊದಲ ಸಲ ತೋರಿಸಿದಾಗ ನಗು ತಡೆಯಲು ಹೊಟ್ಟೆಯ ಸಿಸೇರಿಯನ್ ಹೊಲಿಗೆ ಹಿಡಿದುಕೊಳ್ಳಬೇಕಾಯಿತು. ಗೊಂಬೆಗಳನ್ನು ತುಂಬಿಡುವ ದೊಡ್ಡ ಪ್ಲಾಸ್ಟಿಕ್ ಡಬ್ಬಗಳನ್ನೇ ಒಂದರ ಮೇಲೊಂದು ಪೇರಿಸಿ, ಹಲಗೆ ಹಾಕಿ, ಬಿಳಿ ಬಟ್ಟೆ ಹೊದಿಸಿ ಮೆಟ್ಟಿಲು ಮಾಡಿದ್ದಳು. ವಾಸ್ತುವಿನ ಪ್ರಕಾರ ಗೊಂಬೆಗಳು ಪೂರ್ವಕ್ಕೆ ಮುಖ ಮಾಡಬೇಕು, ಹಾಗೆ ಇಡಬಹುದಾದ ಗೋಡೆ ಹಾಲಿನಲ್ಲಿ ಒಂದೇ. ಆ ಗೋಡೆಯ ಕೆಳಭಾಗದಲ್ಲಿ ಅರ್ಧ ಬಾಗಿಲಿನಷ್ಟು ದೊಡ್ಡದೊಂದು ಬಿಳಿ ಕಬ್ಬಿಣದ ಜಾಲರಿ. ಮನೆಯ ಗಾಳಿಯನ್ನು ಒಳಗೆ ಎಳೆದುಕೊಂಡು ಅಟ್ಟದ ಮೇಲಿನ ಯಂತ್ರಕ್ಕೆ ಕೊಡುವುದು ಅದೇ. ಯಂತ್ರ ಬಿಸಿಯನ್ನೋ ತಂಪನ್ನೋ ಸೇರಿಸಿ ಚಾವಣಿಯ ತೂತುಗಳಿಂದ ವಾಪಸ್ಸು ಊದುತ್ತದೆ. ನಾದಿನಿಗೆ ಆ ಜಾಲರಿ ಕಂಡರಾಗದು. "ಇಷ್ಟು ಚೆನ್ನಾಗಿರೋ ಹಾಲ್‌ಗೆ ದೃಷ್ಟಿಬೊಟ್ಟು ಇಟ್ಟಂಗಿದೆ" ಎನ್ನುತ್ತಿದ್ದಳು. ಹಬ್ಬದ ನೆಪದಲ್ಲಿ ಡಬ್ಬಗಳನ್ನು ಅದಕ್ಕೆ ಒತ್ತಿ ನಿಲ್ಲಿಸಿ, ಹಿಂದೆ ಬಟ್ಟೆಯನ್ನು ಬಿಗಿಯಾಗಿ ಗೋಡೆಗೆ ಪಿನ್ನು ಮಾಡಿ ಜಾಲರಿಯ ಸುಳಿವೇ ಇಲ್ಲದಂತೆ ಮಾಡಿದಳು. ಮೇಲೆ ನವಿಲುಗರಿಗಳ ಅಲಂಕಾರ. ಯಜಮಾನರು ಏಣಿ ಹಿಡಿದುಕೊಂಡು ನಿಂತು ಎಲ್ಲವನ್ನೂ ನೋಡಿದರು.

ನನಗೆ ಆ ಹಾಲಿಗೆ ಪ್ರವೇಶವಿರಲಿಲ್ಲ. ಬಾಣಂತಿ ತಿಂಗಳು ಕಳೆಯುವವರೆಗೆ ಗೊಂಬೆಗಳ ಹತ್ತಿರ ಸುಳಿಯಬಾರದು ಎಂದು ಅತ್ತೆಯ ಕಟ್ಟಪ್ಪಣೆ. ನನ್ನ ಕೋಣೆಯ ಬಾಗಿಲು ಹಾಲಿಗೇ ತೆರೆಯುತ್ತಿತ್ತು, ಹಾಗಾಗಿ ಬಾಗಿಲ ಸಂದಿಯಿಂದ ಎಲ್ಲ ಕಾಣುತ್ತಿತ್ತು, ಎಲ್ಲ ಕೇಳುತ್ತಿತ್ತು. ಹಬ್ಬದ ಮೊದಲ ದಿನಗಳಲ್ಲಿ ಹವೆ ಹಿತವಾಗಿತ್ತು. ಎಸಿಯೂ ಬೇಡ, ಹೀಟರೂ ಬೇಡ, ಕಿಟಕಿ ತೆರೆದರೆ ಸಾಕು. ಯಜಮಾನರಿಗೆ ಹಿಗ್ಗೋ ಹಿಗ್ಗು. ಹೊರಗಿನ ಹವೆಯನ್ನೂ ತಾವೇ ಏರ್ಪಾಟು ಮಾಡಿದಂತೆ ಮಾತಾಡುತ್ತಿದ್ದರು.

ತೀರ್ಪುಗಾರರು ಬರುವ ದಿನ, ಶನಿವಾರ ಮಧ್ಯಾಹ್ನ, ಉತ್ತರದ ಗಾಳಿ ಬಂತು. ಊಟಕ್ಕೆ ಕೂತಾಗ ಬಿಸಿಲು, ಎದ್ದಾಗ ಹಿತ್ತಿಲ ಬೇಲಿಯ ಹಲಗೆಗಳು ಬಡಿದುಕೊಳ್ಳುತ್ತಿದ್ದವು. ಸ್ವಲ್ಪ ಹೊತ್ತಿನಲ್ಲಿ ನೆಲದ ಟೈಲ್ಸ್ ಕಾಲಿಟ್ಟರೆ ಕಚ್ಚುವಂತಾಯಿತು. ನಾನು ಕೂಸಿಗೆ ಕುಲಾವಿ ಹಾಕಿ, ಎರಡು ಬಟ್ಟೆಯಲ್ಲಿ ಸುತ್ತಿ, ಎದೆಗೆ ಒತ್ತಿಕೊಂಡು ಕೂತೆ. ಆದರೂ ಪಾದ ಮುಟ್ಟಿದರೆ ತಣ್ಣಗೆ. ಹಾಲು ಕುಡಿಸಲು ಹೋದರೆ ಎರಡು ಗುಟುಕಿಗೇ ಬಿಟ್ಟು ಕಣ್ಣು ಮುಚ್ಚಿತು. ನರ್ಸ್ ಹೇಳಿದ್ದು ನೆನಪಾಯಿತು. ಬಾಗಿಲು ತೆರೆದು ಕೂಗಿದೆ.

"ಅಕ್ಕಾರ, ಹೀಟರ್ ಹಚ್ಚಸ್ರಿ. ಕೂಸಿನ ಕಾಲು ಥಣ್ಣಗಾಗ್ಯಾವು."

ನಾದಿನಿ ಹಸುಗಳ ಕೊಂಬು ಒರೆಸುತ್ತಿದ್ದಳು. "ಇನ್ನೊಂದು ಶಾಲು ಹೊದಿಸು, ಅಕ್ಟೋಬರ್‌ನಲ್ಲಿ ಯಾರು ಹಾಕ್ತಾರೆ ಹೀಟರ್ನ?" ಎಂದಳು. ಯಜಮಾನರು ಕನ್ನಡಕ ಹಾಕಿಕೊಂಡು ಥರ್ಮೊಸ್ಟಾಟ್ ನೋಡಿ, "ಇನ್ನೂ ಅಂಥಾ ಚಳಿ ಏನಿಲ್ಲಮ್ಮ" ಎಂದು ತೀರ್ಪು ಕೊಟ್ಟರು. ಹಿಂದಿನ ಸಂಜೆ ಆಸ್ಟಿನ್‌ನಿಂದ ಬಂದಿದ್ದ ನನ್ನ ಗಂಡ ಸೋಫಾದಲ್ಲಿ ಫೋನು ಉಜ್ಜುತ್ತಿದ್ದ. ಕೊನೆಗೆ ಅತ್ತೆಯೇ ತಮ್ಮ ಮಂಡಿ ನೋಯುತ್ತಿದೆ ಎಂದು ನರಳಿದಾಗ, ಅಂದರೆ ಕೂಸಿಗಾಗಿ ಅಲ್ಲ, ಮಂಡಿಗಾಗಿ, ಯಜಮಾನರ ವ್ರತ ಮುರಿಯಿತು. ಶಂಕುಸ್ಥಾಪನೆ ಮಾಡುವವರ ಗಾಂಭೀರ್ಯದಿಂದ ಗುಂಡಿ ಒತ್ತಿದರು.

ಬೇಸಿಗೆಯೆಲ್ಲ ಒಳಗೆ ಕೂತ ಧೂಳು ಮೊದಲ ಸಲ ಬಿಸಿಯಾದಾಗ ಸುಟ್ಟ ವಾಸನೆ ಬರುತ್ತದೆ. ಇದು ಪ್ರತಿ ವರ್ಷ, ಪ್ರತಿ ಮನೆಯಲ್ಲಿ ಬರುವ ವಾಸನೆ. ಆ ಮನೆಯವರು ಅಲ್ಲಿಗೆ ಬಂದು ಎಷ್ಟೋ ವರ್ಷಗಳಾಗಿದ್ದವು. ಆದರೂ ಅತ್ತೆ "ವೈರ್ ಸುಟ್ಟೋಯ್ತು" ಎಂದು ಚೀರಿದರು, ನಾದಿನಿ ಓಡಿ ಹೋಗಿ ಎಲ್ಲ ಕಿಟಕಿ ತೆರೆದಳು, ಹೊರಗಿನ ಚಳಿಯೆಲ್ಲ ಒಳಗೆ ನುಗ್ಗಿತು. ಕಿಟಕಿ ಮುಚ್ಚುವ ಹೊತ್ತಿಗೆ ಚಾವಣಿಯಿಂದ ತುಸು ಬಿಸಿ ಗಾಳಿ ಬಂದಿತ್ತು. ಬಂದಷ್ಟೇ ಬೇಗ ಅದು ತಣ್ಣಗಾಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಬಿಸಿ, ಮತ್ತೆ ತಣ್ಣಗೆ. ಆಮೇಲೆ ಬರೀ ತಣ್ಣನೆಯ ಗಾಳಿ ಊದತೊಡಗಿತು.

ಅಷ್ಟರಲ್ಲಿ ಅತಿಥಿಗಳು ಬರತೊಡಗಿದರು. ಅರಿಶಿನ ಕುಂಕುಮಕ್ಕೆ ಹೆಂಗಸರು, ಅವರನ್ನು ಕರೆತಂದ ಗಂಡಸರು. ಹೆಂಗಸರು ಗೊಂಬೆಗಳ ಮುಂದೆ ಕೂತು ಹಾಡು ಶುರು ಮಾಡುವುದಕ್ಕೂ ಅಟ್ಟದ ಯಂತ್ರ ಗಾಳಿ ಎಳೆಯುವುದಕ್ಕೂ ಸರಿಹೋಯಿತು. ಗೊಂಬೆಗಳ ಹಿಂದಿನ ಬಿಳಿ ಬಟ್ಟೆ ಒಮ್ಮೆ ಒಳಕ್ಕೆ ಸೆಳೆದುಕೊಂಡಿತು. ನವಿಲುಗರಿಗಳು ನಡುಗಿದವು. ಎಲ್ಲಿಂದಲೋ ಸುಯ್ಯೆಂದು ಒಂದು ಸದ್ದು. ಮುಂದೆ ಕೂತಿದ್ದ ಆಂಟಿಯೊಬ್ಬರು ಹಾಡು ನಿಲ್ಲಿಸಿ ಕೈಜೋಡಿಸಿದರು.

"ನೋಡ್ರೀ, ನೋಡ್ರೀ! ಅಮ್ಮನೋರು ಉಸಿರಾಡ್ತಿದಾರೆ!"

ಕೂಡಲೇ ಇಬ್ಬರು ಕಣ್ಣಿಗೆ ಸೆರಗು ಒತ್ತಿಕೊಂಡರು. ಒಬ್ಬಳು ಫೋನಿನಲ್ಲಿ ವಿಡಿಯೊ ಮಾಡಿದಳು. ನಾದಿನಿ, ಆ ಬಟ್ಟೆಗೆ ತಾನೇ ಪಿನ್ನು ಚುಚ್ಚಿದವಳು, ಹಿಂದೆ ಏನಿದೆಯೆಂದು ತಿಳಿದವಳು, ತಲೆ ಬಾಗಿಸಿ ಮಂಗಳಾರತಿಯ ತಟ್ಟೆ ಎತ್ತಿಕೊಂಡಳು. ಅವರಲ್ಲಿ ಹೆಚ್ಚಿನವರು ಡಾಕ್ಟರೇಟು, ಮಾಸ್ಟರ್ಸ್ ಮಾಡಿದ ಹೆಂಗಸರು. ಬಾಗಿಲ ಸಂದಿಯಲ್ಲಿ ನಿಂತು ನಾನು ಹಣೆ ಚಚ್ಚಿಕೊಂಡೆ.

ಗಂಡಸರ ಕಥೆ ಇದಕ್ಕಿಂತ ಕಡೆ. ಹೀಟರ್ ಕೆಟ್ಟಿದೆ ಎಂಬ ಸುದ್ದಿ ಅವರಿಗೆ ಹಬ್ಬದೂಟಕ್ಕಿಂತ ರುಚಿಸಿತು. ಸಾಲಾಗಿ ಮಡಿಸುವ ಏಣಿ ಹತ್ತಿ ಅಟ್ಟ ಸೇರಿ, ಫೋನುಗಳ ಬೆಳಕು ಬಿಟ್ಟು ಯಂತ್ರದ ಸುತ್ತ ಕೂತರು. ಗ್ಯಾಸ್ ಕಡಿಮೆ ಬರ್ತಿದೆ ಎಂದೊಬ್ಬ. ಸೆನ್ಸರ್ ಹೋಗಿದೆ ಎಂದು ಇನ್ನೊಬ್ಬ. ಥರ್ಮೊಸ್ಟಾಟನ್ನೇ ಬದಲಾಯಿಸಿ ಫೋನಿಂದ ನಡೆಸುವ ಹೊಸದನ್ನು ಹಾಕಿಸಿ ಎಂದು ಮೂರನೆಯವನು. ನನ್ನ ಗಂಡ ಏಣಿಯ ಬುಡದಲ್ಲಿ ನಿಂತು ಮೇಲಿನವರಿಗೆ ಕೇಸರಿಬಾತ್ ಸರಬರಾಜು ಮಾಡುತ್ತಿದ್ದ. ಪಕ್ಕದ ಬೀದಿಯವರೊಬ್ಬರು ಪುಣ್ಯಾತ್ಮರು ತಮ್ಮ ಮನೆಯಿಂದ ಕರೆಂಟಿನ ಪುಟ್ಟ ಹೀಟರ್ ತಂದು ನನ್ನ ಕೋಣೆಯಲ್ಲಿ ಹಚ್ಚಿದರು. ಕೂಸಿನ ಮುಖಕ್ಕೆ ಬಿಸಿ ತಗುಲಿ ಅದು ತುಟಿ ಅಲ್ಲಾಡಿಸಿತು. ಮರುಕ್ಷಣ ಟಪ್ಪೆಂದು ಬ್ರೇಕರ್ ಬಿದ್ದು ಕೋಣೆಯೂ ಹಾಲೂ ಕತ್ತಲಾಯಿತು. ಗೊಂಬೆಗಳಿಗೆ ಸುತ್ತಿದ್ದ ದೀಪದ ಸರಗಳೆಲ್ಲ ಆರಿಹೋದವು.

"ಅಯ್ಯೋ, ಮೊದಲು ಅದನ್ನ ತೆಗೀರಿ! ಜಡ್ಜಸ್ ಬರೋ ಹೊತ್ತು!" ಎಂದು ನಾದಿನಿ ಕಿರುಚಿದಳು. ಹೀಟರ್ ಕಿತ್ತು ಬ್ರೇಕರ್ ಎತ್ತಿದರು. ದೀಪ ಬಂತು. ಹೆಂಗಸರು ಚಪ್ಪಾಳೆ ತಟ್ಟಿದರು.

ಹ್ಯೂಸ್ಟನ್ ಕಡೆಯ ಕ್ಲಿಯರ್ ಲೇಕ್‌ನಿಂದ ಬಂದಿದ್ದ ಅತಿಥಿಯೊಬ್ಬರಿದ್ದರು, ಯಜಮಾನರ ಕಾಲೇಜು ಗೆಳೆಯ. ಆಕಾಶಕ್ಕೆ ಹೋಗುವ ಯಂತ್ರಗಳ ಕೆಲಸ ಮಾಡುವವರು, ಹಾಗಾಗಿ ಉಳಿದವರು ಅವರ ಬಾಯನ್ನೇ ನೋಡುತ್ತಿದ್ದರು. ಅವರು ಬಹಳ ಹೊತ್ತು ಗಡ್ಡ ಕೆರೆದುಕೊಂಡು, ಅಟ್ಟದಿಂದಲೇ ಒಂದು ಪ್ರಶ್ನೆ ಕೇಳಿದರು.

"ಫಿಲ್ಟರ್ ಯಾವಾಗ ಚೇಂಜ್ ಮಾಡಿದ್ದು ಮಾರಾಯ? ಎಲ್ಲಿದೆ ಅದು?"

"ಹಾಲ್‌ನಲ್ಲಿ. ಗೋಡೇಲಿರೋ ಜಾಲರಿ ಒಳಗೆ," ಎಂದರು ಯಜಮಾನರು.

"ಆ ಜಾಲರಿ ಎಲ್ಲಿದೆ?"

ಏಣಿಯ ಬುಡದಿಂದ ನನ್ನ ಗಂಡನ ದನಿ ಕೇಳಿತು: "ಗೊಂಬೆ ಹಿಂದೆ."

ಗಾಳಿ ಎಳೆದುಕೊಳ್ಳಲು ದಾರಿಯಿಲ್ಲದೆ ಯಂತ್ರ ತನ್ನ ಬಿಸಿಯಲ್ಲಿ ತಾನೇ ಬೆಂದು, ಹೆದರಿ, ಬೆಂಕಿ ಆರಿಸಿಕೊಳ್ಳುತ್ತಿತ್ತು. ಅಷ್ಟೇ ವಿಷಯ. ಈಗ ಎಲ್ಲರಿಗೂ ಗೊತ್ತಾಯಿತು. ನಾನು ಬಾಗಿಲಲ್ಲಿ ನಿಂತು, ಸದ್ಯ, ಈಗ ಗೊಂಬೆ ಸರಿಸುತ್ತಾರೆ ಎಂದುಕೊಂಡೆ. ಆ ಜನರ ಬಗ್ಗೆ ನನಗೆ ಅಷ್ಟಾದರೂ ನಂಬಿಕೆ ಉಳಿದಿತ್ತು. ಏಣಿ ಇಳಿದು ಬಂದ ಗಂಡಸರು ಮೆಟ್ಟಿಲುಗಳ ಮುಂದೆ ಅರ್ಧವೃತ್ತವಾಗಿ ನಿಂತರು. ಒಬ್ಬನೂ ಕೈ ಮುಂದೆ ಮಾಡಲಿಲ್ಲ. ಡಬ್ಬ ಎಳೆಯಬೇಕೆಂದರೆ ಮೇಲಿನ ಗೊಂಬೆ ಇಳಿಸಬೇಕು, ಇಳಿಸಬೇಕೆಂದರೆ ರಾಜ ರಾಣಿಯರನ್ನೇ ಮೊದಲು ಎಬ್ಬಿಸಬೇಕು.

"ಕೂರಿಸಿದ ಗೊಂಬೇನ ದಶಮಿಗೆ ಮುಂಚೆ ಎಬ್ಬಿಸ್ತಾರೇನ್ರೋ? ಮನೆಗೆ ಒಳ್ಳೇದಾಗುತ್ತಾ?" ಎಂದರು ಅತ್ತೆ.

"ಜಡ್ಜಸ್ ಈಗ ಬರ್ತಾರೆ. ಅವರು ನೋಡ್ಕೊಂಡು ಹೋಗಲಿ, ಆಮೇಲೆ ಏನಾದರೂ ಯೋಚನೆ ಮಾಡೋಣ," ಎಂದಳು ನಾದಿನಿ. ಆಮೇಲೆ ಎಂದರೆ ದಶಮಿಯ ನಂತರ ಎಂದು ಅವಳ ಮುಖವೇ ಹೇಳುತ್ತಿತ್ತು. ಕ್ಲಿಯರ್ ಲೇಕ್‌ನವರು ಬಟ್ಟೆಗೆ ತೂತು ಮಾಡಿದರೆ ಸಾಕೇ ಎಂದು ಲೆಕ್ಕ ಹಾಕತೊಡಗಿದರು. ಒಬ್ಬ ಮಹಾನುಭಾವ, ಗ್ಯಾಸ್ ಓವನ್ ಹಚ್ಚಿ ಅದರ ಬಾಗಿಲು ತೆರೆದಿಟ್ಟರೆ ಅಡುಗೆಮನೆ ಬೆಚ್ಚಗಾಗುತ್ತದೆ, ಬಾಣಂತಿ ಅಲ್ಲೇ ಮಲಗಲಿ ಎಂದ. ಈತ ಮಕ್ಕಳಿಗೆ ವಾರಾಂತ್ಯದಲ್ಲಿ ವಿಜ್ಞಾನ ಹೇಳಿಕೊಡುವವನು.

ನಾನು ಗಂಡನ ಕಡೆ ನೋಡಿದೆ. "ನೀವರೆ ಹೇಳ್ರಿ. ಕೂಸು ಹಾಲು ಬಿಟ್ಟೈತಿ. ಅದರ ಕಾಲು ಮುಟ್ಟಿ ನೋಡ್ರಿ."

ಅವನು ನನ್ನ ಹತ್ತಿರ ಬಂದ. ಕೂಸಿನ ಕಾಲು ಮುಟ್ಟಲಿಲ್ಲ. ಯಾರಿಗೂ ಕೇಳಬಾರದೆಂದು ದನಿ ತಗ್ಗಿಸಿ, "ಅಕ್ಕ ಇಷ್ಟು ಕಷ್ಟಪಟ್ಟು ಮಾಡಿದಾಳೆ. ಒಂದು ದಿನ ಅಡ್ಜಸ್ಟ್ ಮಾಡ್ಕೊಳೇ," ಎಂದ.

ಮದುವೆಯಾದಾಗಿನಿಂದ ಈ ಮನುಷ್ಯನ ಮೆತ್ತಗಿನ ಸ್ವಭಾವವನ್ನು ಒಳ್ಳೆಯತನ ಎಂದುಕೊಂಡಿದ್ದೆ. ನನ್ನ ಕುತ್ತಿಗೆಗೆ ಒರಗಿದ್ದ ಕೂಸಿನ ಮೂಗಿನ ತುದಿ ಮಳೆಯಲ್ಲಿ ನೆನೆದ ಹಾಗೆ ತಣ್ಣಗಿತ್ತು. ಅಂಥ ತಿರಸ್ಕಾರ ನನಗೆ ಅದಕ್ಕೂ ಮೊದಲು ಯಾರ ಮೇಲೂ ಹುಟ್ಟಿರಲಿಲ್ಲ. ಅಳು ಬರಲಿಲ್ಲ. ನಾನು ಹೊಸಿಲು ದಾಟಿ ಹಾಲಿಗೆ ಕಾಲಿಟ್ಟೆ.

"ಏ, ನೀನು ಬರಬಾರದು!" ಎಂದು ಅತ್ತೆ ಎದ್ದರು. ನಾದಿನಿ ಎರಡೂ ಕೈ ಚಾಚಿ ಮೆಟ್ಟಿಲಿಗೆ ಅಡ್ಡ ನಿಂತಳು. ಚಾಚಿದ ಆ ಕೈಗಳಲ್ಲೇ ನಾನು ಕೂಸನ್ನಿಟ್ಟೆ. "ಹಿಡೀರಿ ಅಕ್ಕಾರ," ಎಂದೆ. ಎಂಥ ಹೆಂಗಸೂ ಕೈಗೆ ಬಂದ ಎಳೆಕೂಸನ್ನು ಕೆಳಗೆ ಬಿಡುವುದಿಲ್ಲ. ರೇಷ್ಮೆ ಸೀರೆ ಒದ್ದೆಯಾಗುತ್ತದೆಂದು ಅಲ್ಲಿಯವರೆಗೆ ಎತ್ತಿಕೊಳ್ಳದಿದ್ದವಳು, ಈಗ ಎದೆಗವಚಿಕೊಂಡು ಪಕ್ಕಕ್ಕೆ ಸರಿಯಲೇಬೇಕಾಯಿತು. ನಾನು ಮೊದಲು ರಾಜನನ್ನೂ ಆಮೇಲೆ ರಾಣಿಯನ್ನೂ ಎತ್ತಿ ಕಾರ್ಪೆಟ್ಟಿನ ಮೇಲೆ ಮಲಗಿಸಿದೆ. ಕೃಷ್ಣನನ್ನು ಇಳಿಸಿದೆ. ಕೌಬಾಯ್‌ಗಳನ್ನು ಸೆರಗಿಗೆ ತುಂಬಿಕೊಂಡು ಸೋಫಾದ ಮೇಲೆ ಸುರಿದೆ. ಪಿನ್ನುಗಳನ್ನು ಕಿತ್ತು ಬಟ್ಟೆ ಎಳೆದು, ಹೊಲಿಗೆ ಚುರುಗುಟ್ಟಿದರೂ ಬಿಡದೆ, ಡಬ್ಬಗಳನ್ನು ಕಾಲಿನಿಂದ ಒದ್ದು ಒದ್ದು ಸರಿಸಿದೆ. "ಬಾಣಂತಿ ಮುಟ್ಟಿಬಿಟ್ಟಳಲ್ಲೋ" ಎಂದು ಅತ್ತೆ ಗೋಳಾಡುತ್ತಿದ್ದರು. ಅಷ್ಟು ಮಂದಿ ಇಂಜಿನಿಯರುಗಳಲ್ಲಿ ಒಬ್ಬನೂ ಒಂದು ಡಬ್ಬ ಹಿಡಿಯಲಿಲ್ಲ. ನನ್ನ ಗಂಡ ಗೋಡೆಗೆ ಒರಗಿ ನಿಂತಿದ್ದ, ಕೈಯಲ್ಲಿ ಕೇಸರಿಬಾತಿನ ಖಾಲಿ ತಟ್ಟೆ.

ಜಾಲರಿ ಗಾಳಿ ಎಳೆದುಕೊಂಡ ಸದ್ದು ಕೇಳಿತು. ಸ್ವಲ್ಪ ಹೊತ್ತಿನಲ್ಲಿ ಚಾವಣಿಯಿಂದ ಬಿಸಿ ಗಾಳಿ ಇಳಿಯಿತು, ಈ ಸಲ ನಿಲ್ಲಲಿಲ್ಲ. ಅಮ್ಮನವರ ಉಸಿರಿಗೆ ಕೈಮುಗಿದಿದ್ದ ಆಂಟಿಯೇ ಎಲ್ಲರಿಗಿಂತ ಮೊದಲು ಎದ್ದು ಬಿಸಿ ಬೀಳುವ ಜಾಗ ಹುಡುಕಿ ಕೂತರು. "ಆಹಾ, ಈಗ ಹಿತವಾಯ್ತು" ಎಂದು ಪಾದ ಉಜ್ಜಿಕೊಂಡರು.

ಆಗಲೇ ಕರೆಗಂಟೆಯ ಸದ್ದಾಯಿತು. ತೀರ್ಪುಗಾರರು ಬಂದರು. ನಾನು ಡಬ್ಬಗಳ ಹಿಂದೆ ನೆಲದ ಮೇಲೆ ಕುಸಿದು ಕೂತು ಜಾಲರಿಯ ಧೂಳನ್ನು ಸೆರಗಿನಿಂದ ಒರೆಸುತ್ತಿದ್ದೆ. ಅವರಿಗೆ ಕಂಡದ್ದು ಇಳಿದು ಹೋದ ಗೊಂಬೆಗಳು, ಖಾಲಿ ಮೆಟ್ಟಿಲುಗಳು, ಅವುಗಳ ಮುಂದೆ ರೇಷ್ಮೆ ಸೀರೆಯಲ್ಲಿ ಎಳೆಕೂಸನ್ನು ಎದೆಗವಚಿಕೊಂಡು ನಿಂತ ನನ್ನ ನಾದಿನಿ. ಏನಾಯಿತೆಂದು ಒಬ್ಬರು ಕೇಳಿದರು. ಅವಳ ಬುದ್ಧಿಯನ್ನು ಮೆಚ್ಚಬೇಕು, ಒಂದು ಉಸಿರೂ ತಡಮಾಡಲಿಲ್ಲ.

"ಮಗು ಚಳೀಲಿ ನಡುಗ್ತಿತ್ತು ಆಂಟಿ. ಗೊಂಬೆ ದೊಡ್ಡದಾ, ಮಗು ದೊಡ್ಡದಾ ಅಂತ ಎಲ್ಲಾ ತೆಗೆಸಿಬಿಟ್ಟೆ. ನಮ್ಮನೆ ಪಟ್ಟದ ಗೊಂಬೆ ಈ ವರ್ಷ ಇದೇ."

ಆಂಟಿಯರ ಕಣ್ಣು ತುಂಬಿ ಬಂದವು. ಫೋಟೊ ತೆಗೆದರು. ಮೊದಲ ಬಹುಮಾನ ಅವಳಿಗೇ ಬಂತು, ಆ ಫೋಟೊ ಡಲ್ಲಾಸಿನ ಎಲ್ಲ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡಿತು. ಅದರ ಒಂದು ಮೂಲೆಯಲ್ಲಿ, ಡಬ್ಬದ ಪಕ್ಕ, ಧೂಳು ಮೆತ್ತಿದ ಒಂದು ಮೊಣಕೈ ಕಾಣುತ್ತದೆ. ಅದು ನನ್ನದು. ನಾನು ಎದ್ದು ಹೋಗಿ ಅವಳ ಕೈಯಿಂದ ಕೂಸನ್ನು ತೆಗೆದುಕೊಂಡು ಕೋಣೆಯ ಬಾಗಿಲು ಹಾಕಿಕೊಂಡೆ. ಸ್ವಲ್ಪ ಹೊತ್ತಿಗೆ ಪಾದ ಬಿಸಿಯಾದವು, ಕೂಸು ಬಾಯಿ ಹಾಕಿ ಹೊಟ್ಟೆ ತುಂಬ ಕುಡಿಯಿತು. ಬಹುಮಾನ ಯಾರಿಗೆ ಹೋದರೂ ಆಗ ನನಗೆ ಎಳ್ಳಷ್ಟೂ ಬೇಕಾಗಿರಲಿಲ್ಲ.

ದಶಕ ಮುಗಿಯುವ ಹೊತ್ತಿಗೆ ನಾವು ಆಸ್ಟಿನ್‌ನಲ್ಲಿ ಸ್ವಂತ ಮನೆ ಮಾಡಿದ್ದೆವು. ಅಲ್ಲಿ ಥರ್ಮೊಸ್ಟಾಟ್ ನನ್ನದು. ಯಾರನ್ನೂ ಕೇಳುವುದಿಲ್ಲ, ಯಾವ ಹಬ್ಬಕ್ಕೂ ಕಾಯುವುದಿಲ್ಲ. ಒಂದು ಶರತ್ಕಾಲ ನಾದಿನಿ, ಯಜಮಾನರು ಬಂದಿದ್ದರು. ಆ ಫೋಟೊಗೆ ಕಟ್ಟು ಹಾಕಿಸಿ ನನ್ನ ಮಗಳಿಗೆ ಉಡುಗೊರೆಯಾಗಿ ತಂದಿದ್ದರು. ಊಟದ ನಂತರ ನಾದಿನಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಥೆ ಹೇಳಿದಳು. ಚಳಿ, ನಡುಗುವ ಮಗು, ಹೆಂಗಸರ ವಿರೋಧ, ತನ್ನ ತೀರ್ಮಾನ, ಎಲ್ಲವೂ ಇತ್ತು. ವರ್ಷ ಕಳೆದಂತೆ ಕಥೆ ಚೆನ್ನಾಗಿ ಪಳಗಿತ್ತು, ರಾಜನನ್ನು ಯಾವ ಕೈಯಲ್ಲಿ ಎತ್ತಿದಳು ಎಂಬುದೂ ಬಂತು. ನನ್ನ ಗಂಡ ಎದುರಿನ ಕುರ್ಚಿಯಲ್ಲಿ ಕೂತು ತಲೆದೂಗುತ್ತಿದ್ದ. ನಾನು ಪಾತ್ರೆ ತೊಳೆಯುತ್ತ ಕೇಳುತ್ತಿದ್ದೆ.

ಮಗಳು ಫೋಟೊವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಆರೋಪವೇನೂ ಇರಲಿಲ್ಲ, ಬರೀ ಆಶ್ಚರ್ಯ.

"ಅಮ್ಮಾ, ವೇರ್ ವರ್ ಯು?"

ನಾನು ನಲ್ಲಿ ನಿಲ್ಲಿಸಿದೆ. ನಾದಿನಿ ಸೀರೆಯ ನೆರಿಗೆ ಸರಿಮಾಡಿಕೊಂಡಳು. "ನಿಮ್ಮಪ್ಪನ್ನ ಕೇಳವ್ವ," ಎಂದೆ. "ಅವರು ಅಲ್ಲೇ ನಿಂತಿದ್ರು. ಎಲ್ಲಾ ನೋಡ್ಯಾರ."

ಮಗಳು ಅಪ್ಪನ ಮುಖ ನೋಡಿದಳು. ಅವನು ಅಕ್ಕನನ್ನು ನೋಡಿದ, ಫೋಟೊ ನೋಡಿದ, ನನ್ನನ್ನು ಮಾತ್ರ ನೋಡಲಿಲ್ಲ. ಆಮೇಲೆ ಎದ್ದು, "ಯಾಕೋ ಚಳಿ ಆಗ್ತಿದೆ ಅಲ್ವಾ?" ಎನ್ನುತ್ತ ಥರ್ಮೊಸ್ಟಾಟಿನ ಕಡೆ ನಡೆದ. ನಮಗೆ ಬೆನ್ನು ಹಾಕಿ ಗುಂಡಿ ಒತ್ತುತ್ತ ಅಲ್ಲೇ ನಿಂತ. ಮನೆ ಬೆಚ್ಚಗಿತ್ತು. ಹೀಟರನ್ನು ನಾನು ಬೆಳಗ್ಗೆಯೇ ಹಾಕಿದ್ದೆ.